ಖಾನಾಪುರದ ಪಿಕ್‌ನಿಕ್

ಶಿವಾ, ತಂದೀ... ಎದಿಯೊಳಗ ಕುಂತಾವನೂ ನೀನ, ನಾಲಿಗಿ ಮ್ಯಾಲ ಮಾತಿಡಾವನೂ ನೀನ. ಈ ತಾಯಿಗೆ ನೋವಾಗುವಂಥ ಮಾತು ನನ್ನ ಬಾಯಿಂದ ಒಂದೂ ಬರದಂಗ ನೋಡಿಕೋ. ಬಂದರೂ ಅದು ಔಷಧ ಆಗಲಿ...

ಅಂದಂಗ, ಎಲ್ಲೀತನಕ ಹೇಳಿದ್ನೆವ್ವಾ? ಹಾಂ, ಕಾಗದ. ನೀ ಏಳಬ್ಯಾಡ ಬಸವಣ್ಣೆವ್ವ, ಕುಂದ್ರು. ಚಹಾ ಬ್ಯಾಡ. ಮಗ ಹೋಗಿ ಹನ್ನೊಂದು ದಿನ ಆಗೇತಿ, ಈ ಮನಿಯೊಳಗ ನನ್ನ ಸಲುವಾಗಿ ಒಲಿ ಹಚ್ಚಬ್ಯಾಡ. ನೀ ಕುಂತು ಕೇಳಿದಿ ಅಂದ್ರ ಅದ ನನಗ ಚಹಾ, ಅದ ನನಗ ಪ್ರಸಾದ.

ಇಂಗ್ಲೀಷಿನ್ಯಾಗ ಐತಿ ಅಂತ ಅಂಜಬ್ಯಾಡ. ಮೂವತ್ತೊಂದು ವರ್ಷ ಈ ಖಾಸಬಾಗದ ಹುಡುಗರಿಗೆ ಇಂಗ್ಲೀಷ ತಿದ್ದಿದ ಚನ್ನಬಸಯ್ಯ ಮಾಸ್ತರ ನಿನ್ನ ಮುಂದ ಕುಂತೇನಿ. ಅಕ್ಷರ ಅಕ್ಷರ ಬಿಡಿಸಿ ಹೇಳ್ತೇನಿ. ಇದನ್ನ ಹೆಡ್ ಮಾಸ್ತರು ಬರದು ಕಳಿಸ್ಯಾರು... ಅಂದ್ರ, ಬರದಾಂವ ನಾನ. ಅವರು ನೋಡಿ ಹೂಂ ಅಂದ್ರು. ಇನ್ನ ನಿನ್ನ ಸಹಿ ಒಂದು ಬಿತ್ತಂದ್ರ ಸೋಮವಾರ ಶಿಕ್ಷಣ ಖಾತೆಗೆ ಹೋಗ್ತೈತಿ. ಅಲ್ಲಿಗೆ ಎಲ್ಲಾ ಶಾಂತ. ಇಲ್ಲೆ ನೋಡು, ಪೆನ್ಸಿಲ್ಲಿನಿಂದ ಸಣ್ಣ ಗೆರಿ ಎಳದೇನಿ. ನಾಕನೇ ಇಯತ್ತೆ ತನಕ ಕಲತಾಕಿ ನೀನು, ಕನ್ನಡದಾಗ ಮಾಡಿದ್ರೂ ನಡೀತೈತಿ.

ಬಾಳಾಸಾಹೇಬರು ಕಾರಖಾನಿಗೆ ಹೋಗಿರಬೇಕಲ್ಲ? ಗೊತ್ತೈತಿ ನನಗ. ಗೊತ್ತಿದ್ದ ಈ ಹೊತ್ತಿನ್ಯಾಗ ಬಂದೆ. ನಿನ್ನ ಗಂಡ ಒಳ್ಳೇವ, ಆದ್ರ ಸಿಟ್ಟಿನ ಮನಶ್ಯಾ. ಸಿಟ್ಟಿನವರ ಕಿವಿಯೊಳಗ ದೇವರ ಮಾತು ಇಳಿಯೂದಿಲ್ಲ. ನೀ ಹಂಗಲ್ಲ. ತಾಯಿ ಆದಾಕಿ ಸಹಿ ಮಾಡಿದ್ರ ಸಾಕು ಅಂತ ಹೆಡ್ ಮಾಸ್ತರೂ ಅಂದಾರು.

ಓದಲೇನು? ಕೇಳು. ‘ಸಾವಿರದ ಒಂಬೈನೂರಾ ಎಪ್ಪತ್ತೊಂಬತ್ತನೇ ಇಸವಿ ಜನವರಿ ತಿಂಗಳ ಸಂಕ್ರಮಣದ ದಿವಸ, ಸಾಲಿಗೆ ಸೂಟಿ ಇದ್ದಾಗ, ಹತ್ತನೇ ಇಯತ್ತೆಯ ಏಳು ಮಂದಿ ಹುಡುಗರು ತಮ್ಮ ತಮ್ಮೊಳಗ ಮಾತಾಡಿಕೊಂಡು ಖಾನಾಪುರದ ಆಚೆ ಮಲಪ್ರಭಾ ಹೊಳಿಯ ದಂಡಿಗೆ ಪಿಕ್‌ನಿಕ್ ಹೋಗಿದ್ದರು. ನನ್ನ ಮಗ ಸಿದರಾಯಿ ಮನಿಯವರ ಒಪ್ಪಿಗಿ ಇಲ್ಲದ ಹೋಗಿದ್ದನು. ಬ್ಯಾಡ ಅಂದರೂ ಕೇಳದ ಈಜಾಕ ಇಳದು ಮಡುವಿನಲ್ಲಿ ಮುಳುಗಿ ತೀರಿಕೊಂಡನು. ಹಬ್ಬದ ಸ್ನಾನಕ್ಕ ಅಲ್ಲಿಗೆ ಬಂದಿದ್ದ ಒಬ್ಬ ಶಿಕ್ಷಕರು ಅಕಸ್ಮಾತ್ ನೋಡಿ ಕೂಗಿ ಜನರನ್ನು ಕೂಡಿಸಿದರು. ಸಾಲಿಯ ಮ್ಯಾಲ ಮತ್ತು ಶಿಕ್ಷಕರ ಮ್ಯಾಲ ನಮ್ಮದು ಯಾವ ತಕರಾರೂ ಇಲ್ಲ.’ ಅಷ್ಟ. ಒಂದೂ ಬಿರುಸು ಮಾತಿಲ್ಲ. ನಾ ಎಷ್ಟು ಮೆತ್ತಗ ಬರದೇನಿ ನೋಡು.

ಯಾಕ? ಎಲ್ಲೆ ಬೆರಳ ಇಟ್ಟಿ? ಓಹೋ... ಪಿಕ್‌ನಿಕ್. ಆ ಶಬ್ದ ನಿನಗ ಹೆಂಗ ಗುರುತ ಸಿಕ್ತು? ಮಗ ಓದಿ ತೋರಸತಿದ್ನೇನು? ಹೌದು, ಅವಗ ಆ ಚಟ ಇತ್ತು. ಕಲತದ್ದು ಯಾರಿಗರ ಹೇಳಿದ್ರನ ಸಮಾಧಾನ ಅವಗ.

ಹಂಗಾರ ಕೇಳವ್ವ, ಈ ಶಬ್ದಗೋಳು ದೂರದಿಂದ ನೋಡಿದ್ರ ಅಣ್ಣತಮ್ಮರಗತೆ ಕಾಣ್ತಾವು. ಬಾಜು ಕುಂದ್ರಿಸಿ ಮಾತಾಡಿಸಿದ್ರ ಗುಣ ಬ್ಯಾರೆ. ಟ್ರಾವೆಲ್ ಅಂದ್ರ ಬರೇ ತಿರಗಾಡೂದು, ಎಲ್ಲಿಂದ ಎಲ್ಲಿಗೆ ಅನ್ನೂ ಲೆಕ್ಕ ಅದಕ್ಕಿಲ್ಲ. ಟ್ರಿಪ್ ಅಂದ್ರ ಹೋಗೂದು, ಕೆಲಸ ಮುಗಿಸೂದು, ಬರೂದು. ನೀ ಶಹಾಪುರಕ್ಕ ಕಾಯಿಪಲ್ಲೆ ತರಾಕ ಹೋಗ್ತಿ ನೋಡು, ಅದು ಟ್ರಿಪ್. ಟೂರ್ ಅಂದ್ರ ನಾಕ ಊರ ಸುತ್ತೂದು. ತಪಾಸಣಿಗೆ ಸಾಹೇಬರು ಜೀಪಿನ್ಯಾಗ ಬರ್ತಾರಲ್ಲ, ಅವರದು ಟೂರ್. ವಾಯೇಜ್ ಅಂದ್ರ ನೀರಿನ ಮ್ಯಾಲ... ಬಿಡು. ನೀರಿನ ಮಾತ ಬ್ಯಾಡ.

ಇನ್ನ ಜರ್ನಿ. ಅದು ದೊಡ್ಡ ಶಬ್ದವ್ವ, ಗಂಭೀರ ಶಬ್ದ. ಇಲ್ಲಿಂದ ಅಲ್ಲಿಗೆ, ಅಷ್ಟ. ಹೊಳ್ಳಿ ಬರೂ ಮಾತು ಅದರೊಳಗ ಇರೂದಿಲ್ಲ. ಹುಡುಗರಿಗೆ ನಾ ಹಂಗ ಕಲಿಸೇನಿ. ನಿಮ್ಮ ಸಿದರಾಯಿದು ಜರ್ನಿ ಅಂತ ತಿಳಕೋ. ನಾವೆಲ್ಲಾ ಟಿಕೀಟ ತಗೊಂಡು ಸ್ಟೇಶನ್ನಿನ್ಯಾಗ ಕುಂತೇವಿ, ಅವನ ಗಾಡಿ ಮೊದಲ ಬಂತು. ಇಷ್ಟ ತಿಳಕೊಂಡ್ರ ನಿನ್ನ ಎದಿ ಎಷ್ಟು ಹಗರಾಗ್ತೈತಿ...

ಯಾಕ ನಗತಿ?

ಬಸವಣ್ಣೆವ್ವ, ಯಾಕ ನಗತಿ? ನಾ ನಗೂ ಮಾತ ಏನ ಆಡಿದೆ? ...ಇರಲಿ. ದುಃಖ ತುಂಬಿ ಬಂದಾಗ ಒಮ್ಮೊಮ್ಮೆ ಹಿಂಗ ಆಗ್ತೈತಿ, ನಾ ಕಂಡೇನಿ. ಆದ್ರ ಹಗೂರ್ಕ, ಬಾಜು ಮನ್ಯಾಕಿ ಬಂದಾಳ ನೋಡು. ಬಾ ಭರಮವ್ವ, ಬಾ, ರೊಟ್ಟಿ ತಂದೆನು? ಒಳ್ಳೇದಾತು, ಅಲ್ಲೆ ಇಡು. ಇಕಿಗೆ ಸ್ವಲ್ಪ ಬುದ್ಧಿ ಹೇಳಾಕ ಬಂದೇನಿ. ನೀನೂ ಕುಂದ್ರು, ಒಳ್ಳೇ ಮಾತು ನಾಕ ಕಿವಿಗೆ ಬಿದ್ದರ ಪುಣ್ಯ.

ಹಾಂ. ಪಿಕ್‌ನಿಕ್ ಮತ್ತು ಎಕ್ಸ್‌ಕರ್ಶನ್. ಈ ಎರಡರೊಳಗ ಇರೂದು ನನ್ನ ಜೀವ. ನಿನ್ನ ಮುಂದ ಮುಚ್ಚೂದೇನ? ಎಕ್ಸ್‌ಕರ್ಶನ್ ಅಂದ್ರ ಸಾಲಿ ವತಿಯಿಂದ ಹೋಗೂದು. ಮಾಸ್ತರ ಮುಂದಾಗಿ ಕರಕೊಂಡ ಹೋಗಬೇಕು, ಖಾತೆಯವರ ಪರವಾನಗಿ ತಗೋಬೇಕು, ಎಷ್ಟು ಮಂದಿ ಹೋದರೋ ಅಷ್ಟೂ ಮಂದೀನ ತಂದು ಮನಿ ಬಾಗಲಕ್ಕ ಬಿಡಬೇಕು. ಬಿಡಲಿಲ್ಲೋ, ಜವಾಬ ಹೇಳಬೇಕು. ಪಿಕ್‌ನಿಕ್ಕಿಗೆ ಅದೇನೂ ಇಲ್ಲ. ಬುತ್ತಿ ಕಟಗೊಂಡು ಹೋದ್ರು, ಗಿಡದ ಬುಡಕ ಕುಂತು ಉಂಡ್ರು, ಬಂದ್ರು. ಯಾರೂ ಯಾರಿಗೂ ಜವಾಬದಾರರಲ್ಲ. ನೀನ ಹೇಳು, ಬುತ್ತಿ ಕಟ್ಟಿದ್ದಿಲ್ಲೋ? ಸಜ್ಜಿ ರೊಟ್ಟಿ, ಬದನಿಕಾಯಿ ಭರ್ತ, ಮಾದಲಿ, ಮ್ಯಾಲ ನಾಕ ಶೇಂಗಾ ಹೋಳಿಗಿ. ನಾನೂ ಅದರಾಗ ಒಂದು... ಅಂದ್ರ, ಛಂದ ಮಾಡಿದ್ದಿ ಅಂತ ಹುಡುಗರು ಹೇಳಿದ್ರು. ಬುತ್ತಿ ಕಟ್ಟಿದ ಮ್ಯಾಲ ಪಿಕ್‌ನಿಕ್ಕ ಆತಲ್ಲವ್ವ!

ಹಂಗ ನೋಡಬ್ಯಾಡ. ತಿಳೀತು ಬಿಡು. ಬುತ್ತಿ ಕಟ್ಟಿದಾಕಿ ನಾನು, ಒಪ್ಪಿಗಿ ಇಲ್ಲದ ಹೋದ ಅಂತ ಹೆಂಗ ಬರದ್ರಿ ಅಂತೀ. ಖರೇ ಐತಿ. ಅದು ಕಚೇರಿ ಭಾಷಾ, ಬಸವಣ್ಣೆವ್ವ. ಕಚೇರಿ ಭಾಷಾದಾಗ ಒಪ್ಪಿಗಿ ಅಂದ್ರ ಕಾಗದದ ಮ್ಯಾಲಿನ ಒಪ್ಪಿಗಿ. ನೀ ಕಾಗದ ಕೊಟ್ಟಿದ್ದೇನು? ಇಲ್ಲಲ್ಲ. ಮಗನ ಹೆಸರಿಗೆ ಕಪ್ಪ ಹತ್ತತೈತಿ ಅಂತೀಯೇನು? ಹೇಳದ ಕೇಳದ ಓಡಿ ಹೋದ ಹುಡುಗ ಅಂತ ನಾಕ ಮಂದಿ ಅಂತಾರು, ಎರಡ ತಿಂಗಳ ಅಂತಾರು, ಮರೀತಾರು. ಹೋದವಗ ಹೆಸರಿನ ಹಂಗಿಲ್ಲವ್ವ. ಇರಾವ್ರಿಗೆ ಐತಿ. ಬರೂ ಮಾರ್ಚಿಗೆ ನನಗ ರಿಟಾಯರ್. ಮಠದಾಗ ಸತ್ಕಾರ ಇಟ್ಟಾರು. ಈ ಊರ ಅರ್ಧಾ ಮಂದಿ ನನ್ನ ಕಾಲಿಗೆ ಹಣಿ ಹಚ್ಚಿದವರು. ಅವರ ಭಕ್ತಿಗೆ ಪೆಟ್ಟ ಬೀಳಬಾರದಲ್ಲ? ನನ್ನ ಸಲುವಾಗಿ ಅಲ್ಲ, ಅವರ ಸಲುವಾಗಿ ಕೇಳಾಕತ್ತೇನಿ.

ಎಲ್ಲಿಗೆ ಎದ್ದಿ? ...ಭರಮವ್ವ, ಎಲ್ಲಿಗೆ ಹೊಂಟ್ಲಾಕಿ? ಗ್ವಾಡಿ ಮಾಡದಾಗ ಏನ ಹುಡಕತಾಳ? ...ಏನವ್ವಾ ಇದು, ವಹಿ? ಸಿದರಾಯಿ ವಹಿ. ಶಿವಾ, ಎಷ್ಟು ದುಂಡನ ಅಕ್ಷರ ಹುಡುಗಂದು! ಕೊಡು, ಕೊಡು, ಕಣ್ಣಿಗೆ ಒತ್ತಿಕೊಳ್ತೇನಿ.

...ವಹಿಯ ಈ ಪಾನಾ ಯಾಕ ತಗದ ತೋರಸತಿ? ಇದು... ಇದು ನನ್ನ ಕೆಂಪು ಶಾಯಿ. ಹೌದು. ‘ಸಂಕ್ರಮಣದ ದಿವಸ ನಾವು ನಮ್ಮ ಗುರುಗಳ ಜೋಡಿ ಖಾನಾಪುರಕ್ಕ ಎಕ್ಸ್‌ಕರ್ಶನ್ ಹೋಗುವವರಿದ್ದೇವೆ.’ ಇದು ವಾಕ್ಯ, ಬಸವಣ್ಣೆವ್ವ. ಶಬ್ದ ಕಲಿಸುವಾಗ ಉದಾಹರಣೆಗೆ ಬರದ ಕೊಟ್ಟ ವಾಕ್ಯ. ‘ರಾಜನು ಕಾಡಿಗೆ ಹೋದನು’ ಅಂತ ಬರಸ್ತೇವಿ, ಹಂಗಂದ್ರ ರಾಜ ಖರೇನ ಹೋದ್ನೇನು? ...ಕೆಳಗ? ಕೆಳಗೇನೈತಿ... ‘ಮುಂಜಾನೆ ಏಳು ಗಂಟೆಗೆ ಸ್ಟೇಶನ್ನಿಗೆ ಬರಬೇಕು. ಟಾವೆಲ್, ಬುತ್ತಿ, ಎಳ್ಳು ತರಬೇಕು.’ ಇದೂ ನಾನ ಬರದದ್ದು.

ಈ ವಹಿ ನಾ ಒಯ್ಯಲೇನು? ನೆನಪಿಗೆ. ಪೂಜಾ ಜಗಲಿ ಮ್ಯಾಲ ಇಡತೇನಿ... ಬ್ಯಾಡ? ಬಿಡು, ಬಿಡು, ಜಗ್ಗಬ್ಯಾಡ, ಹರೀತೈತಿ!

ಆತು. ನಾನ ಕರಕೊಂಡ ಹೋದೆ. ಅಂದೆ ನೋಡು, ಬಾಯಿ ಬಿಟ್ಟು ಅಂದೆ. ಪರವಾನಗಿ ಕೇಳಿದ್ರ ತಿಂಗಳ ಹಿಡಿತಿತ್ತು, ಹಬ್ಬ ಹೋಗಿಬಿಡ್ತಿತ್ತು. ಹುಡುಗರಿಗೆ ಹೊಳಿ ತೋರಸೂಣು, ಎಳ್ಳ ಹಚ್ಚಿಕೊಂಡು ಪುಣ್ಯಸ್ನಾನ ಮಾಡೂಣು, ದಾರಿಯೊಳಗ ಇಂಗ್ಲೀಷ ಮಾತಾಡಸೂಣು ಅಂತ ಮನಸ್ಸು. ಅದೇನ ಪಾಪದ ಮನಸ್ಸೇನು? ಗಾಡಿಯೊಳಗ ನಿನ್ನ ಮಗ ಖಿಡಕಿ ಬಾಜುಕ ಕುಂತು ಬಂದ ಬಂದ ಸ್ಟೇಶನ್ನಿನ ಹೆಸರ ಓದಿಕೋತ ಬಂದ. ಎಷ್ಟ ಖುಶಿ ಇದ್ದ! ಕೂಡಿ ಬಂದ ಆ ಏಳ ಮಂದಿಯೊಳಗ ನನಗ ಭಾಳ ಪ್ರೀತಿಯವ ಅವನ. ಆದ್ರ ನೀರಿಗಿ ಮಾತ್ರ ತಾನ ಇಳದ. ಆಣಿ ಮಾಡಿ ಹೇಳ್ತೇನಿ, ನಾ ನೂಕಲಿಲ್ಲ. ಈಜು ಬಲ್ಲ ಹುಡುಗ, ಸೊಕ್ಕಿನ ವಯಸ್ಸು, ಇಳದ.

...ಯಾಕ ಹಂಗ ತಲಿ ಎತ್ತಿ ನೋಡಿದಿ? ಏನ ಕೇಳಿ ಏನು? ಯಾರ ಬಂದಿದ್ರು ಇಲ್ಲಿಗೆ? ...ಗನಿ ಬಂದಿದ್ನೇನು? ಹುಸೇನಪೀರನ ಮಗ? ಸಿದರಾಯಿ ದೋಸ್ತ? ಅವನ್ನ ನಾನ ಅವರಪ್ಪಗ ಹೇಳಿ ಲೋಂಡಾದ ಕಾಕಾನ ಮನಿಗೆ ಕಳಿಸೇನಿ. ಹುಡುಗ ಭಾಳ ಅಂಜ್ಯಾನ, ಕಂಡದ್ದು ಕಾಣದ್ದು ಕೂಡಿಸಿ ಮಾತಾಡ್ತಾನ, ಒಂದೆರಡ ತಿಂಗಳ ಬ್ಯಾರೆ ಊರಾಗ ಇರಲಿ ಅಂದೆ. ಅವನ ಒಳ್ಳೇದಕ್ಕ. ಉಳದ ಐದೂ ಹುಡುಗರು ನನ್ನ ಮಾತ ಮೀರಾವರಲ್ಲ. ...ಬಂದಿದ್ದ, ಹೌದಲ್ಲೋ? ನಿನ್ನ ಮಾರಿ ಹೇಳತೈತಿ. ಬಂದು ಲಿಂಗದ ಸುದ್ದಿ ಹೇಳಿ ಹೋಗ್ಯಾನ.

ಗನಿಗೇನ ಗೊತ್ತವ್ವ! ಅಂವ ಹೇಳಿದ್ದು ನಂಬಬ್ಯಾಡ, ನಾ ಹೇಳಿದ್ದು ಕೇಳು. ನೀ ಲಿಂಗವಂತರಾಕಿ, ನಿನಗ ಬಿಡಿಸಿ ಹೇಳೂದು ಬ್ಯಾಡ. ಕೊಳ್ಳಾಗಿನ ಲಿಂಗ ಕಳಕೊಂಡವನ ಗತಿ ಏನು? ನೀರ ಮುಟ್ಟೂ ಹಂಗಿಲ್ಲ, ಉಗಳ ನುಂಗೂ ಹಂಗಿಲ್ಲ. ಹಿಂದಿನವರು ಜೀವಾನ ಬಿಡ್ತಿದ್ರು. ಎಳ್ಳ ಹಚ್ಚಿಕೊಂಡೆ, ಮೂರ ಮುಳುಗ ಹಾಕಿದೆ, ದಂಡಿಗೆ ಬಂದು ಎದಿ ಮುಟ್ಟಿ ನೋಡತೇನಿ... ಶಿವದಾರಾನೂ ಇಲ್ಲ, ಲಿಂಗದ ಬೆಳ್ಳಿ ಕರಡಗಿನೂ ಇಲ್ಲ! ಭೂಮಿ ತಿರಗಿತು ನನಗ. ಐವತ್ತ ವರ್ಷ ಎದಿ ಬಿಟ್ಟು ಸರೀಲಾರದ ಲಿಂಗ! ಚೀರಿದೆ. ಹುಡುಗರೆಲ್ಲಾ ಓಡಿ ಬಂದ್ರು. ಆಗ ಸಿದರಾಯಿ ಅಂದ: ‘ಅಳಬ್ಯಾಡ್ರಿ ಸರ್, ನಾ ತಗದ ಕೊಡ್ತೇನಿ.’ ನಾ ಅನ್ನಲಿಲ್ಲ, ಅಂವ ಅಂದ. ಎಂಥಾ ಭಕ್ತಿ!

ಒಂದ ಸಲ ಮುಳುಗಿದ. ಮುಷ್ಟಿ ತುಂಬ ಉಸುಕ ತಂದ. ಎರಡನೇ ಸಲ ಮುಳುಗಿದ, ಒಂದ ಚಿಪ್ಪ ಎತ್ತಿ ತೋರಿಸಿ ನಕ್ಕ. ‘ಸರ್, ಇದರ ಸಿಕ್ತ ನೋಡ್ರಿ’ ಅಂದ. ಮೂರನೇ ಸಲ ತಾನಾಗೆ ಹೋದ. ತಾನಾಗೆ.

...ಬಸವಣ್ಣೆವ್ವ, ಕಣ್ಣ ಬಡಿ ಒಮ್ಮೆ. ಹಂಗ ದಿಟ್ಟಿಸಿದ್ರ ಮನಶ್ಯಾಗ ಮಾತ ತಪ್ಪತಾವು.

ತಾನಾಗೆ ಅಲ್ಲ. ಹೂಂ. ಒಲ್ಲೆ ಅಂದ. ತುಟಿ ನೀಲಿ ಆಗಿದ್ವು, ಹಲ್ಲ ಕಡಿತಿದ್ದ. ‘ಸರ್, ಕೆಳಗ ಗಿಡದ ಬೇರ ಅದಾವ್ರಿ, ಕಾಲಿಗೆ ಸುತ್ತತಾವ್ರಿ, ದಣಿವಾಗೇತ್ರಿ’ ಅಂದ. ಗನಿ ಅವನ ಕೈ ಹಿಡದಿದ್ದ. ನಾ ಬೈಲಿಲ್ಲ! ನಾ ಜೀವಮಾನದಾಗ ಒಂದ ಹುಡುಗನ ಮ್ಯಾಲ ಕೈ ಎತ್ತಿದಾಂವಲ್ಲ, ದನಿ ಏರಿಸಿದಾಂವಲ್ಲ. ಕಲ್ಲಿನ ಮ್ಯಾಲ ಕುಂತು ಕಣ್ಣೀರ ಹಾಕಿದೆ ಅಷ್ಟ. ‘ಇರಲಿ ಬಿಡಪಾ, ನಿನಗ ತ್ರಾಸ ಬ್ಯಾಡ. ನಿಮ್ಮ ಮಾಸ್ತರ ಇಲ್ಲೇ ಜೀವಾ ಬಿಡ್ತಾನ. ನೀವು ಬುತ್ತಿ ಬಿಚ್ಚಿ ಉಂಡು, ಸಂಜಿ ಗಾಡಿಗೆ ಹೋಗ್ರಿ’ ಅಂದೆ. ಮೆತ್ತಗ ಅಂದೆ, ಈಗ ನಿನ್ನ ಜೋಡಿ ಮಾತಾಡಾಕತ್ತೇನಲ್ಲ, ಇದಕ್ಕಿಂತಾ ಮೆತ್ತಗ. ಅಂವ ನನ್ನ ಮಾರಿ ನೋಡಿದ. ಗನಿ ಕೈ ಬಿಡಿಸಿಕೊಂಡ. ಹೋದ.

ಅಳು ತಾಯಿ, ಅಳು. ಅತ್ತರ ಒಳ್ಳೇದು. ...ಅಳೂದಿಲ್ಲೇನು? ಭರಮವ್ವ, ನೀ ಯಾಕ ಬಾಯಿಗೆ ಸೆರಗ ಹಿಡದಿ? ಇದರೊಳಗ ಹಳಹಳಿ ಪಡೂದೇನಿಲ್ಲ. ಗುರುವಿನ ಲಿಂಗಕ್ಕ ಜೀವಾ ಕೊಟ್ಟ ಹುಡುಗ. ಕೋಟಿಗೊಬ್ಬಗ ಸಿಗೂ ಸಾವು. ಅದಕ್ಕ ಸಮಾಧಿಯೊಳಗ ಕುಂದ್ರಿಸಿದಾಗ ಹಣಿಗೆ ವಿಭೂತಿ ನಾನ ಹಚ್ಚಿದೆ, ಎಡಗೈಯೊಳಗ ಅವನ ಲಿಂಗ ನಾನ ಇಟ್ಟೆ, ಮೊದಲ ಹಿಡಿ ಮಣ್ಣು ನಾನ ಹಾಕಿದೆ. ಮಠದ ಬ್ಯಾರೆ ಅಯ್ಯಾರ ಬರತೇನಂದ್ರೂ ಬ್ಯಾಡ ಅಂದೆ. ಮಗನ ಋಣ ತೀರಸೇನಿ ನಾನು. ಈಗ ನೀ ಸಹಿ ಮಾಡಿದ್ರ...

ಏನ ನೋಡತಿ? ...ನನ್ನ ಎದಿ ಯಾಕ ನೋಡತಿ?

ಐತಿ. ಹೌದವ್ವ, ಲಿಂಗ ಐತಿ. ಲಿಂಗ ಇಲ್ಲದ ನಾ ನಿನ್ನ ಮನಿ ಹೊಸ್ತಿಲ ದಾಟತಿದ್ನೇನು? ಮಾತಾಡತಿದ್ನೇನು? ಸಿಕ್ತು. ಮರುದಿನ ನಿನ್ನ ಮಗನ್ನ ತಗದ್ರಲ್ಲ, ಆವಾಗ... ಅಲ್ಲೇ ಉಸುಕಿನ್ಯಾಗ... ಅಂಬಿಗರು ಯಾರೋ... ಇದು ಮೊದಲಿನ ಲಿಂಗಾನ. ಅದ ಕರಡಗಿ, ಅದ ದಾರ.

ದಾರ ಸ್ವಚ್ಛ ಐತಿ ಅಂತ ನೋಡತಿಯೇನು? ಹೊಳಿಯೊಳಗ ಒಂದ ರಾತ್ರಿ ಬಿದ್ದ ದಾರಕ್ಕ ಕೆಸರ ಹತ್ತಲಿಲ್ಲ ಅಂತ? ಸಾಕು. ಆ ಕಣ್ಣ ಸಾಕು, ಬಸವಣ್ಣೆವ್ವ. ಗನಿ ಎಲ್ಲಾ ಹೇಳ್ಯಾನ, ತಿಳೀತು. ಹೊಳ್ಳಿ ಬರುವಾಗ ಸ್ಟೇಶನ್ನಿನ ತನಕ ನನ್ನ ಚೀಲ ಹೊತಗೊಂಡ ಬಂದಾಂವ ಅವನ. ಅಂವ ಮುಟ್ಟಿ ನೋಡಿರಬೇಕು. ಚೀಲದೊಳಗ ಇತ್ತು! ಎಳ್ಳಿನ ಜಿಡ್ಡ ಕರಡಗಿಗೆ ಹತ್ತಬಾರದು ಅಂತ ನಾನ ನನ್ನ ಕೈಲೆ ಬಿಚ್ಚಿದ್ದೆ. ಬಿಚ್ಚಬಾರದು. ಗೊತ್ತೈತಿ ಬಿಚ್ಚಬಾರದಂತ, ಮೂರ ಹೊತ್ತು ಮಂದಿಗೆ ನಾನ ಹೇಳತೇನಿ. ಬಿಚ್ಚಿ, ಟಾವೆಲ್ಲಿನ್ಯಾಗ ಸುತ್ತಿ, ನಿನ್ನ ಹೋಳಿಗಿ ಡಬ್ಬಿ ಕೆಳಗ ಇಟ್ಟೆ. ಮರತೆ. ಹುಡುಗರು ನೀರ ಉಗ್ಗಾಕತ್ತಿದ್ರು, ನಾನೂ ಹುಡುಗನಂಗ ಆದೆ, ಮರತೆ. ಹೊಳಿಯೊಳಗ ಏನೂ ಇರಲಿಲ್ಲ. ನಿನ್ನ ಮಗ ಮೂರ ಸಲ ಮುಳುಗಿ ಹುಡುಕಿದಲ್ಲೆ ಏನೂ ಇರಲಿಲ್ಲ.

ಸಂಜೀಕ ಮನಿಗೆ ಬಂದು ಚೀಲ ಝಾಡಿಸಿದೆ, ಠಣ್ ಅಂತ ಬಿತ್ತು. ನಾ ಏನ ಮಾಡಿದೆ ಅಂತಿ? ಕಣ್ಣಿಗೆ ಒತ್ತಿಕೊಂಡೆ, ತಲಿ ಮ್ಯಾಲ ಹೊತ್ತುಕೊಂಡೆ, ‘ತಂದೀ, ನನ್ನ ಕೈ ಬಿಡಲಿಲ್ಲ ನೀನು’ ಅಂತ ಕುಣದೆ. ಮನಿಮಂದಿಗೆಲ್ಲಾ ಸಕ್ಕರಿ ಹಂಚಿದೆ. ಅವಾಗ ನಿನ್ನ ಮಗ ಇನ್ನೂ ನೀರಾಗ ಇದ್ದ. ...ಆ ಸಂತೋಷ ಸುಳ್ಳಲ್ಲವ್ವ. ಅದು ಖರೇ. ಅದನ್ನ ಹೆಂಗ ಸುಳ್ಳ ಅನ್ನಲಿ?

ಗನಿ ಇದನ್ನೂ ಹೇಳಿರಬೇಕಲ್ಲ? ...ಇದನ್ನ ಹೇಳಲಿಲ್ಲ? ಚೀಲದ ಸುದ್ದಿ? ...ಗನಿ ಯಾವತ್ತ ಬಂದಿದ್ದ ಬಸವಣ್ಣೆವ್ವ? ನಿನ್ನೆ? ಮೊನ್ನೆ? ಭರಮವ್ವ, ನೀ ಬಾಜು ಮನ್ಯಾಕಿ, ನೀ ಕಂಡಿರಬೇಕು. ಹುಸೇನಪೀರನ ಮಗ ಈ ಮನಿಗೆ ಬಂದಿದ್ನೋ ಇಲ್ಲ? ಯಾಕ ತಲಿ ಅಲಗಸತಿ? ...ಲೋಂಡಾದಿಂದ ಹೊಳ್ಳೇ ಬಂದಿಲ್ಲ? ಪತ್ರಾನೂ ಇಲ್ಲ?

ಹಂಗಾರ ನಿನಗ... ಏನೂ ಗೊತ್ತಿರಲಿಲ್ಲ. ನೀ ಬರೇ ನೋಡಕೋತ ಕುಂತಿದ್ದಿ.

ಕಾಗದ ಕೊಡು. ಕೈ ಬಿಡವ್ವ, ಅದು ಸರಕಾರಿ ಕಾಗದ... ವಹಿಯೊಳಗ ಯಾಕ ಮಡಚಿ ಇಟ್ಟಿ? ಅದರ ಮ್ಯಾಲ ನನ್ನ ಅಕ್ಷರ ಐತಿ, ಇದರ ಮ್ಯಾಲೂ ನನ್ನ ಅಕ್ಷರ ಐತಿ, ಎರಡೂ ಒಂದ ಕಡೆ ಇಡಬ್ಯಾಡ... ಬಾಳಾಸಾಹೇಬರಿಗೆ ತೋರಸತಿಯೇನು? ಬ್ಯಾಡ ತಾಯಿ. ನಾ ಹೋಗ್ತೇನಿ. ಅಂಗಳದಾಗ ಯಾರವ್ವಾ ಅದು? ಮಾಯವ್ವ? ಸತ್ಯವ್ವ? ನೀವೆಲ್ಲಾ ಯಾವಾಗ ಬಂದ್ರಿ? ಬಾಗಲ ಬಿಡ್ರಿ, ನನಗ ಪೂಜಿ ಹೊತ್ತಾತು. ಮಾಸ್ತರ ಹೋಗಬೇಕಂತಾನ, ದಾರಿ ಬಿಡ್ರಿ. ಯಾಕ ಸುಮ್ಮ ನಿಂತೀರಿ? ಒಬ್ಬರರ ಮಾತಾಡ್ರಿ! ಬೈಯ್ರಿ ಬೇಕಾರ!

...ಇರಲಿ. ಇರಲಿ. ಹೊಸ್ತಿಲದಾಗ ನಿಂತವರಿಗೆ, ಅಂಗಳದಾಗ ನಿಂತವರಿಗೆ, ಇಷ್ಟೊತ್ತು ಕುಂತು ಕೇಳಿದ ಈ ತಾಯಿಗೆ, ನನ್ನ ಮಾತು ಯಾರ್‍ಯಾರ ಕಿವಿಗೆ ಬಿದ್ದೈತೋ ಅವರೆಲ್ಲಾರಿಗೂ ಶಿವ ಒಳ್ಳೇದ ಮಾಡ್ಲಿ. ಕೇಳಿ ಮರತವರಿಗೆ ಇನ್ನಷ್ಟು ಒಳ್ಳೇದ ಮಾಡ್ಲಿ. ನಿಮ್ಮ ನಿಮ್ಮ ಮಕ್ಕಳು ನೂರ ವರ್ಷ ಬಾಳಲಿ...